ಮಂತ್ರ ಹಾಕಿದವನಿಗೆ ಏನು ಖರ್ಚಾಯಿತು?

ಓದೋಕೆ ಒಂದು ಒಳ್ಳೇ ಪುಸ್ತಕ ಹೇಳಿ ಎಂದು ಯಾರಾದರೂ ಕೇಳಿದರೆ ನಾನು ತಕ್ಷಣ ಹೆಸರು ಹೇಳುವುದಿಲ್ಲ. ಮಾಯೆ, ಮಂತ್ರ, ಎಲ್ಲೂ ಇಲ್ಲದ ರಾಜ್ಯ, ಮಾತಾಡುವ ಪ್ರಾಣಿ, ಇಂಥ ಕಾದಂಬರಿ ಬೇಕು ಅಂದರಂತೂ ಇನ್ನೂ ತಡ ಮಾಡುತ್ತೇನೆ. ಚಿಕ್ಕಂದಿನಲ್ಲಿ ಯಾವ ಕಥೆ ಕೇಳಿ ರಾತ್ರಿ ನಿದ್ದೆಗೆಟ್ಟಿದ್ದಿರಿ ಎಂದು ಮೊದಲು ವಿಚಾರಿಸುತ್ತೇನೆ. ಅವರು ಹೇಳಿದ ಕಥೆಯಿಂದ ಒಂದು ದಾರಿ ಸಿಗುತ್ತದೆ. ಈ ಅಭ್ಯಾಸ ನನಗೆ ಅಂಟಿಸಿದವರು ಕೊಡಿಗೇನಹಳ್ಳಿಯ ಒಬ್ಬ ದರ್ಜಿ.

ಕೊಡಿಗೇನಹಳ್ಳಿ ಮಧುಗಿರಿ ತಾಲ್ಲೂಕಿಗೆ ಸೇರಿದ್ದು. ಕಚೇರಿ ಕೆಲಸಕ್ಕೆ ಮಧುಗಿರಿಗೆ ಹೋಗುತ್ತಿದ್ದೆವು, ಬಟ್ಟೆಬರೆಗೆ, ಸಿನಿಮಾಕ್ಕೆ ಗಡಿ ದಾಟಿ ಹಿಂದೂಪುರಕ್ಕೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನಮ್ಮ ಸೀಮೆ ಹಾದು ಆಂಧ್ರದೊಳಕ್ಕೆ ಹೋಗಿ ಉತ್ತರ ಪಿನಾಕಿನಿಗೆ ಸೇರುತ್ತದೆ. ನನ್ನ ಬಾಲ್ಯದಲ್ಲಿ ಅದು ವರ್ಷದ ಬಹುಪಾಲು ಮರಳಿನ ಹೊಳೆ. ಮನೆಯಲ್ಲಿ ಕನ್ನಡ, ಅಂಗಡಿಬೀದಿಯಲ್ಲಿ ಅರ್ಧ ತೆಲುಗು, ಸಾಬರ ಕೇರಿಯಲ್ಲಿ ಉರ್ದು. ಮೂರನ್ನೂ ಮಾತಾಡುತ್ತಿದ್ದವರು ನಮ್ಮ ಟೈಲರ್ ಸಾಬ್ರು.

ಅವರ ಅಂಗಡಿ ಬಸ್ಸು ನಿಲ್ಲುವ ಜಾಗಕ್ಕೆ ಹತ್ತಿರವಿತ್ತು. ದಾರ, ಗುಂಡಿ, ಕಾಲರಿಗೆ ಹಾಕುವ ಕ್ಯಾನ್ವಾಸು ತರಲು ಹಿಂದೂಪುರಕ್ಕೆ ಹೋದಾಗಲೆಲ್ಲ ತೆಲುಗು ‘ಚಂದಮಾಮ’ ತರುತ್ತಿದ್ದರು. ಕನ್ನಡದ್ದು ಮಧುಗಿರಿಯಿಂದ ಬರುತ್ತಿತ್ತು. ನಾಗಿರೆಡ್ಡಿ, ಚಕ್ರಪಾಣಿ ಸೇರಿ 1947ರಲ್ಲಿ ಮದರಾಸಿನಿಂದ ತೆಲುಗು, ತಮಿಳಿನಲ್ಲಿ ಹೊರಡಿಸಿದ ಈ ಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂದಿತ್ತು. ಎರಡರಲ್ಲೂ ಇರುವುದು ಅದೇ ಕಥೆ, ಅದೇ ಚಿತ್ರ. ಆದರೂ ಸಾಬ್ರು ಎರಡನ್ನೂ ಓದುವರು. ಧಾರಾವಾಹಿಯ ಹಾಳೆಗಳನ್ನು ಮಾತ್ರ ನಾಜೂಕಾಗಿ ಬಿಡಿಸಿ, ತಿಂಗಳಿಂದ ತಿಂಗಳಿಗೆ ಜೋಡಿಸಿಟ್ಟು, ಕಥೆ ಮುಗಿದ ಮೇಲೆ ಹೊಲಿಗೆ ಯಂತ್ರದಲ್ಲೇ ಅಂಚಿಗೆ ಎರಡು ಸಾಲು ಹೊಲಿಗೆ ಹಾಕುತ್ತಿದ್ದರು. ಮೇಲೆ ಪ್ಯಾಂಟಿನ ಜೇಬಿಗೆ ಕತ್ತರಿಸಿ ಉಳಿದ ಬಟ್ಟೆಯ ರಟ್ಟು. ದಪ್ಪ ಸೂಜಿ ಕಾಗದ ಚುಚ್ಚುವಾಗ ಬರುತ್ತಿದ್ದ ಟಕಟಕ ಸದ್ದು ಬಟ್ಟೆ ಹೊಲಿಯುವ ಸದ್ದಿಗಿಂತ ಬೇರೆ. ಅದು ಕೇಳಿಸಿದರೆ ನಾವು ಹುಡುಗರು ಹೊಸ ಪುಸ್ತಕ ತಯಾರಾಯಿತು ಎಂದು ಓಡುತ್ತಿದ್ದೆವು.

ಆ ಧಾರಾವಾಹಿಗಳನ್ನು ಬರೆದವರ ಹೆಸರು ಪತ್ರಿಕೆಯಲ್ಲಿ ಇರುತ್ತಿರಲಿಲ್ಲ. ಪಾತಾಳ ದುರ್ಗ, ಯಕ್ಷ ಪರ್ವತ, ಮಾಯಾ ಸರೋವರ, ಭಲ್ಲೂಕ ಮಾಂತ್ರಿಕ ಇವೆಲ್ಲ ಒಬ್ಬರೇ ಬರೆದದ್ದು, ಅವರು ದಾಸರಿ ಸುಬ್ರಹ್ಮಣ್ಯಂ ಎಂಬ ತೆಲುಗು ಲೇಖಕರು ಎಂದು ನನಗೆ ತಿಳಿಯುವ ಹೊತ್ತಿಗೆ ಕೂದಲು ನೆರೆಯಲು ಶುರುವಾಗಿತ್ತು. 1954ರಿಂದ 1978ರವರೆಗೆ ಹನ್ನೆರಡು ಧಾರಾವಾಹಿ ಬರೆದು, 2010ರಲ್ಲಿ ತೀರಿಕೊಂಡರು. ದಕ್ಷಿಣದ ಎಷ್ಟೋ ಲಕ್ಷ ಮಕ್ಕಳಿಗೆ ಮೊದಲ ಅದ್ಭುತ ಲೋಕ ಕಟ್ಟಿಕೊಟ್ಟ ಮನುಷ್ಯ ಹೆಸರಿಲ್ಲದೆ ಕೆಲಸ ಮಾಡಿದರು ಎನ್ನುವುದು ನೆನೆದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬೇತಾಳನನ್ನು ಹೆಗಲ ಮೇಲೆ ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮನ ಚಿತ್ರ ಬರೆದ ಶಂಕರ್ ಅವರ ಹೆಸರಾದರೂ ಚಿತ್ರದ ಮೂಲೆಯಲ್ಲಿ ಇರುತ್ತಿತ್ತು.

ಸಾಬ್ರು ಪುಸ್ತಕ ಸುಮ್ಮನೆ ಕೊಡುತ್ತಿರಲಿಲ್ಲ. ಓದಿ ತಂದು ಕೊಟ್ಟಾಗ ಒಂದು ಪ್ರಶ್ನೆ ಕಾದಿರುತ್ತಿತ್ತು. “ಮಾಂತ್ರಿಕ ಮಂತ್ರ ಹಾಕ್ದ, ಸರಿ. ಅವನಿಗೇನು ಖರ್ಚಾಯ್ತಯ್ಯ?” ಖರ್ಚು ಏನೂ ಇಲ್ಲ, ಸುಮ್ಮನೆ ಹಾಕಿದ ಎಂದರೆ ಅವರಿಗೆ ಆಗುತ್ತಿರಲಿಲ್ಲ. “ಒಂದು ಮೀಟರ್ ಬಟ್ಟೇಲಿ ಎರಡು ಪ್ಯಾಂಟ್ ಹೊಲಿದೆ ಅಂತ ನಾನು ಹೇಳಿದ್ರೆ ನೀನು ನಂಬ್ತೀಯಾ? ಹಾಗೇ ಇದೂನೂ.” ಬೇತಾಳನ ಕಥೆ ಅವರಿಗೆ ಎಲ್ಲಕ್ಕಿಂತ ಇಷ್ಟ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ವಿಕ್ರಮನ ತಲೆ ಸಿಡಿಯುತ್ತದೆ, ಹೇಳಿದರೆ ಮೌನ ಮುರಿದು ಹೆಣ ಮರ ಸೇರುತ್ತದೆ. ಎರಡು ಕಡೆಯೂ ಖರ್ಚು. ರಾಜನಿಗೆ ಬುದ್ಧಿ ಇರುವುದೇ ಅವನಿಗೆ ಭಾರ. ಅವರೇ ಹೇಳುತ್ತಿದ್ದ ಅಮೀರ್ ಹಂಜಾನ ದಾಸ್ತಾನಿನಲ್ಲಿ ಅಮರ್ ಅಯ್ಯಾರ್ ಎಂಬ ಚಾಲಾಕಿಯ ಬಳಿ ಜಂಬೀಲ್ ಎಂಬ ಚೀಲವಿದೆ, ಅದರೊಳಗೆ ಏನು ಬೇಕಾದರೂ ಹಿಡಿಯುತ್ತದೆ, ಊರುಗಳೇ ಹಿಡಿಯುತ್ತವೆ. “ಅಷ್ಟು ದೊಡ್ಡ ಚೀಲ ಇದ್ದೋನು ಒಂದು ಕಾಸಿಗೂ ಜೀವ ಬಿಡ್ತಾನೆ ನೋಡು” ಎಂದು ಸಾಬ್ರು ನಗುವರು. ಆ ದಾಸ್ತಾನನ್ನು ಅವರು ಪುಸ್ತಕದಿಂದ ಓದಿದ್ದಲ್ಲ, ಶಿರಾದಲ್ಲಿದ್ದ ಅವರ ತಂದೆಯ ಬಾಯಿಂದ ಕೇಳಿದ್ದು. 1687ರಲ್ಲಿ ಮೊಘಲರು ಶಿರಾವನ್ನು ತಮ್ಮ ಆಡಳಿತದ ಕೇಂದ್ರ ಮಾಡಿಕೊಂಡ ಕಾಲದಿಂದಲೂ ಆ ಊರಿನಲ್ಲಿ ಇಂಥ ಕಥೆ ಹೇಳುವ ನಾಲಗೆಗಳು ಇದ್ದಿರಬೇಕು ಎಂದು ನಾನು ಊಹಿಸಿಕೊಳ್ಳುತ್ತೇನೆ.

ಸಾಬ್ರ ಪ್ರಶ್ನೆ ನನಗೆ ಪೂರ್ತಿ ಅರ್ಥವಾದದ್ದು ಶನಿಮಹಾತ್ಮೆ ಓದಿಸಿದ ಒಂದು ರಾತ್ರಿ. ಪಾವಗಡದ ಶನಿಮಹಾತ್ಮ ದೇವಸ್ಥಾನ ನಮ್ಮ ಕಡೆಯವರಿಗೆಲ್ಲ ಹರಕೆಯ ಜಾಗ. ಅಲ್ಲಿಗೆ ಹೋಗಿ ಬಂದವರು, ಹೋಗಲಾಗದವರು, ಶ್ರಾವಣದ ಶನಿವಾರ ಮನೆಯಲ್ಲೇ ಕಥೆ ಓದಿಸುತ್ತಿದ್ದರು. ಪಡಸಾಲೆಯಲ್ಲಿ ಮಣೆ, ಮಣೆಯ ಮೇಲೆ ಪುಸ್ತಕ, ಪಕ್ಕದಲ್ಲಿ ಎಳ್ಳೆಣ್ಣೆಯ ದೀಪ. ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಶನಿಯನ್ನು ಹಗುರವಾಗಿ ಆಡಿದ ವಿಕ್ರಮಾದಿತ್ಯನನ್ನು ಕುದುರೆಯೊಂದು ಹೊತ್ತುಕೊಂಡು ಆಕಾಶಕ್ಕೆ ಹಾರಿ, ಕಾಡಿನಲ್ಲಿ ಇಳಿಸಿ ಮಾಯವಾಗುತ್ತದೆ. ಪರದೇಶಿಯಾಗಿ ಒಬ್ಬ ವ್ಯಾಪಾರಿಯ ಮನೆ ಸೇರುತ್ತಾನೆ. ಆ ಮನೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಹಂಸವಿದೆ. ರಾಜ ನೋಡುತ್ತಿದ್ದ ಹಾಗೇ ಆ ಚಿತ್ರದ ಹಂಸ ಕೊಕ್ಕು ಚಾಚಿ ಗೂಟಕ್ಕೆ ತೂಗುಹಾಕಿದ್ದ ಮುತ್ತಿನ ಹಾರವನ್ನು ನುಂಗಿಬಿಡುತ್ತದೆ.

ಅರ್ಥ ಹೇಳುವವರು ಇಲ್ಲಿಗೆ ಬಂದು ನಿಲ್ಲಿಸಿ, ಎಲೆಅಡಿಕೆ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ನಮ್ಮ ಮುಖ ನೋಡಿದರು. ನಾನು ನಾವು ಕೂತಿದ್ದ ಮನೆಯ ಗೋಡೆಯ ಕಡೆ ನೋಡಿದೆ. ಅಲ್ಲಿ ಲಕ್ಷ್ಮಿಯ ಕ್ಯಾಲೆಂಡರ್ ಇತ್ತು, ಆನೆಗಳು ಸೊಂಡಿಲು ಎತ್ತಿದ್ದವು. ಅವು ಈಗ ಅಲ್ಲಾಡುತ್ತವೆ ಎನ್ನಿಸಿ ಅಮ್ಮನ ಸೆರಗು ಹಿಡಿದುಕೊಂಡೆ. ಹಂಸ ನುಂಗಿತು ಎಂದರೆ ಯಾರು ನಂಬುತ್ತಾರೆ? ಕಳ್ಳ ಎಂದು ರಾಜನ ಕೈಕಾಲು ಕತ್ತರಿಸುತ್ತಾರೆ. ಗಾಣದ ಮೇಲೆ ಕೂತು ಎತ್ತು ಹೊಡೆಯುತ್ತ ದಿನ ಕಳೆಯುವ ಅದೇ ರಾಜ ಒಂದು ರಾತ್ರಿ ದೀಪಕ ರಾಗ ಹಾಡಿದರೆ ಊರಿನ ದೀಪಗಳೆಲ್ಲ ತಾವಾಗಿ ಹೊತ್ತಿಕೊಳ್ಳುತ್ತವೆ. ಕೈಕಾಲು ಹೋದವನ ಗಂಟಲಿನಿಂದ ಆ ಬೆಳಕು ಬಂತು ಎನ್ನುವುದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಮರುದಿನ ಸಾಬ್ರ ಅಂಗಡಿಗೆ ಹೋಗಿ ಈ ಕಥೆ ಹೇಳಿದೆ. ಪೂರ್ತಿ ಕೇಳಿ, ಕತ್ತರಿ ಕೆಳಗಿಟ್ಟು, “ಇದರಲ್ಲಿ ಲೆಕ್ಕ ಸರಿಯಾಗಿದೆ” ಎಂದರು.

ಮುಂದೆ ತುಮಕೂರಿನಲ್ಲಿ ಕಾಲೇಜು, ಆಮೇಲೆ ಬ್ಯಾಂಕಿನ ಕೆಲಸ, ವರ್ಗದ ಮೇಲೆ ವರ್ಗ. ಎ.ಆರ್. ಕೃಷ್ಣಶಾಸ್ತ್ರಿಗಳ ‘ಕಥಾಮೃತ’ ಓದಿ ಚಂದಮಾಮದ ಬೇತಾಳ ಕಾಶ್ಮೀರದ ಸೋಮದೇವನಿಂದ ಬಂದವನೆಂದು ಗೊತ್ತಾಯಿತು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಇಂಗ್ಲಿಷ್ ಕಾದಂಬರಿಗಳು ಸಿಕ್ಕವು, ಟೋಲ್ಕಿನ್ ಸಿಕ್ಕಿದ, ಉರ್ಸುಲಾ ಲೆ ಗ್ವಿನ್ ಸಿಕ್ಕಿದಳು. ಓದಿ ಸಂತೋಷಪಟ್ಟದ್ದು ಎಷ್ಟೋ. ಆದರೆ ಇವನ್ನು ಇನ್ನೊಬ್ಬರಿಗೆ ದಾಟಿಸುವ ಕೆಲಸ ಬಂದದ್ದು ನನ್ನ ತಂಗಿಯ ಮಗಳಿಂದ.

2010ರ ಸುಮಾರು. ಅವಳು ಮಧುಗಿರಿಗೆ ಬಸ್ಸಿನಲ್ಲಿ ಹೋಗಿ ಪಿಯುಸಿ ಓದುತ್ತಿದ್ದಳು. ಟಿವಿಯಲ್ಲಿ ಹ್ಯಾರಿ ಪಾಟರ್ ನೋಡಿ ತಲೆ ತುಂಬಿಸಿಕೊಂಡಿದ್ದಳು. “ಮಾವ, ಇದೇ ಥರದ್ದು ಓದೋಕೆ ಬೇಕು. ಇಂಗ್ಲಿಷ್ ಆದ್ರೆ ಈಗ್ಲೇ ಬೇಡ” ಎಂದಳು. ನನ್ನ ಕೈಗೆ ಸಿಕ್ಕಿದ್ದು ಹ್ಯಾರಿಯ ತೆಲುಗು ಅನುವಾದ. ಅವಳಿಗೆ ತೆಲುಗು ಮಾತು ನೀರು ಕುಡಿದಷ್ಟು ಸಲೀಸು, ಲಿಪಿ ಬಾರದು. ಸಾಬ್ರು ತೀರಿಕೊಂಡ ಮೇಲೆ ಅವರು ಹೊಲಿದಿಟ್ಟ ಎರಡು ತೆಲುಗು ಧಾರಾವಾಹಿ ಪುಸ್ತಕಗಳನ್ನು ಅವರ ಮಗ ನನಗೆ ಕೊಟ್ಟಿದ್ದ, ಅವನ್ನು ಅವಳಿಗೆ ಕೊಟ್ಟು ಇದರಲ್ಲಿ ಕಲಿತುಕೋ ಎಂದೆ. ತಲೆಕಟ್ಟು ಬೇರೆ, ಕೆಲವು ಅಕ್ಷರ ಬೇರೆ, ಉಳಿದದ್ದು ನೋಡಿದರೆ ನಮ್ಮದೇ ಅಕ್ಷರ. ದಸರಾ ರಜೆ ಮುಗಿಯುವಷ್ಟರಲ್ಲಿ ಯಕ್ಷ ಪರ್ವತದ ಖಡ್ಗವರ್ಮ, ಜೀವದತ್ತ ಇಬ್ಬರೂ ಅವಳಿಗೆ ಅಣ್ಣಂದಿರಾಗಿದ್ದರು. ಹ್ಯಾರಿಯನ್ನೂ ಓದಿದಳು. ಓದಿ ಮುಗಿಸಿದ ದಿನ ನಾನು ಸಾಬ್ರ ಪ್ರಶ್ನೆ ಕೇಳಿದೆ. ಸ್ವಲ್ಪ ಯೋಚಿಸಿ, “ದಂಡ ಬೀಸಿದ್ರೆ ಅವರಿಗೆ ಸುಸ್ತೂ ಆಗಲ್ಲ ಮಾವ. ಆದ್ರೆ ಅವನ ಅಮ್ಮ ಸತ್ತಳಲ್ಲ, ಆ ಒಂದು ಖರ್ಚಿನ ಮೇಲೆ ಇಡೀ ಕಥೆ ನಿಂತಿದೆ” ಎಂದಳು. ಆವತ್ತೇ ಇವಳಿಗೆ ಏನು ಬೇಕಾದರೂ ಕೊಡಬಹುದು ಅನ್ನಿಸಿತು.

ಕನ್ನಡದಲ್ಲಿ ಮೊದಲು ಕೊಟ್ಟದ್ದು ದೇವುಡು ಅವರ ‘ಮಹಾಬ್ರಾಹ್ಮಣ’. ದೇವುಡು ನರಸಿಂಹಶಾಸ್ತ್ರಿಗಳ ಮೂರು ಕಾದಂಬರಿಗಳನ್ನು, ‘ಮಹಾಬ್ರಾಹ್ಮಣ’, ‘ಮಹಾಕ್ಷತ್ರಿಯ’, ‘ಮಹಾದರ್ಶನ’ಗಳನ್ನು, ಜನ ಪುರಾಣವೆಂದು ಕೈಮುಗಿದು ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ನನಗೆ ಇದರಿಂದ ಬೇಸರವಿದೆ. ಇವನ್ನು ಹದಿಹರೆಯದವರ ಕೈಗೆ ಅದ್ಭುತ ಕಾದಂಬರಿ ಎಂದೇ ಹೇಳಿ ಕೊಡಬೇಕು. ‘ಮಹಾಬ್ರಾಹ್ಮಣ’ದಲ್ಲಿ ವಿಶ್ವಾಮಿತ್ರನ ತಪಸ್ಸು ಗಳಿಸಿ ಕೂಡಿಟ್ಟ ಶಕ್ತಿ. ತ್ರಿಶಂಕುವಿಗೆ ಸ್ವರ್ಗ ಕಟ್ಟಿದರೆ ಅದು ಖಾಲಿ, ಮೇನಕೆ ಬಂದರೆ ಖಾಲಿ, ಸಿಟ್ಟು ಬಂದರೆ ಖಾಲಿ, ಮತ್ತೆ ಮೊದಲಿಂದ ಕೂಡಬೇಕು. ನನ್ನ ಹುಡುಗಿ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಜಮಾ, ಖರ್ಚು ಎಂದು ಎರಡು ಸಾಲು ಎಳೆದು ಋಷಿಯ ಲೆಕ್ಕ ಬರೆದಿದ್ದಳು. ‘ಮಹಾಕ್ಷತ್ರಿಯ’ದ ನಹುಷನಿಗೂ ಹಾಗೇ ಬರೆದಳು. ಇಂದ್ರಪದವಿ ಸಿಕ್ಕಿದ್ದು ಒಂದು ಕಡೆ, ಹಾವಾಗಿ ಬಿದ್ದದ್ದು ಇನ್ನೊಂದು ಕಡೆ. ಈ ಕಾದಂಬರಿಗೆ 1962ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ದೇವುಡು ಬದುಕಿರಲಿಲ್ಲ.

ಆಮೇಲೆ ಕಂಬಾರರು. ಇಲ್ಲಿ ಕ್ರಮ ಮುಖ್ಯ. ‘ಶಿಖರ ಸೂರ್ಯ’ವನ್ನು ನೇರ ಕೊಟ್ಟರೆ ಗಾತ್ರ ನೋಡಿಯೇ ಕೆಲವರು ಹಿಂದೆ ಸರಿಯುತ್ತಾರೆ. ‘ಚಕೋರಿ’ಯಿಂದ ಶುರುಮಾಡಿ ಎನ್ನುತ್ತೇನೆ. ಅದು 1996ರ ಕಾವ್ಯ. ದನಗಾಹಿ ಕುಲದ ಚಂದಮುತ್ತ, ಅವನ ಸಂಗೀತ, ಯಕ್ಷಿ. ಜೋರಾಗಿ ಓದಬೇಕು, ಇಬ್ಬರಿದ್ದರೆ ಸರದಿಯ ಮೇಲೆ ಓದಬೇಕು. ಅದರ ದನಿ ಕಿವಿಗೆ ಹತ್ತಿದ ಮೇಲೆ 2007ರ ‘ಶಿಖರ ಸೂರ್ಯ’ ತೆರೆದರೆ ಕಾಡು, ಮದ್ದಿನ ಗಿಡ, ಮಾಟ, ಕನಕಪುರಿಯ ಅರಮನೆ ಯಾವುದೂ ಪರಕೀಯ ಅನ್ನಿಸುವುದಿಲ್ಲ. ವಿದ್ಯೆ ಕಲಿತವನು ಅದನ್ನು ಬಂಗಾರಕ್ಕೆ, ಅಧಿಕಾರಕ್ಕೆ ತಿರುಗಿಸಿಕೊಂಡರೆ ಯಾರ್ಯಾರು ತೆರಬೇಕಾಗುತ್ತದೆ ಎನ್ನುವುದನ್ನು ಇಷ್ಟು ದೊಡ್ಡ ಹರಹಿನಲ್ಲಿ ಕನ್ನಡದಲ್ಲಿ ಇನ್ನೊಬ್ಬರು ಬರೆದದ್ದನ್ನು ನಾನು ಓದಿಲ್ಲ. ಸರಣಿ ಬೇಕು ಎನ್ನುವವರಿಗೆ ನಾನು ಕಂಬಾರರ ಶಿವಾಪುರವನ್ನು ತೋರಿಸುತ್ತೇನೆ. ‘ಕರಿಮಾಯಿ’, ‘ಸಿಂಗಾರೆವ್ವ ಮತ್ತು ಅರಮನೆ’, ‘ಶಿಖರ ಸೂರ್ಯ’, ಒಂದೊಂದರಲ್ಲೂ ಆ ಊರು ಬೇರೆ ವಯಸ್ಸಿನಲ್ಲಿ ಕಾಣಿಸುತ್ತದೆ. ಒಬ್ಬ ಬರಹಗಾರ ಆಯುಷ್ಯವಿಡೀ ಒಂದು ಲೋಕವನ್ನು ಕಟ್ಟುತ್ತ ಹೋಗುವುದು ಟೋಲ್ಕಿನ್‌ನಲ್ಲಿ ಮಾತ್ರ ಇರುವ ಸಂಗತಿ ಎಂದು ತಿಳಿದವರು ಶಿವಾಪುರಕ್ಕೆ ಹೋಗಿ ಬರಲಿ.

‘ಚಕೋರಿ’ ಮುಗಿಸಿದವಳು “ನಮ್ಮ ಗೊಲ್ಲರಹಟ್ಟಿಯಲ್ಲೂ ಇಂಥದ್ದು ಹಾಡ್ತಾರಲ್ಲ” ಎಂದು ತಾನೇ ಜುಂಜಪ್ಪನ ಸುದ್ದಿ ತೆಗೆದಳು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಕಾಡುಗೊಲ್ಲರಿಗೆ ಪವಿತ್ರ ಸ್ಥಳ. ಉದ್ದನೆಯ ಬಿದಿರಿನ ಗಣೆ ಊದುತ್ತ ಹಾಡುವ ಜುಂಜಪ್ಪನ ಕಾವ್ಯ ಪುಸ್ತಕವಾಗಿಯೂ ಬಂದಿದೆ, ಚಲುವರಾಜು ಅವರು ಸಂಪಾದಿಸಿದ್ದಾರೆ. ಓದುವುದಕ್ಕೆ ಕಷ್ಟ, ಹಟ್ಟಿಯ ಮಾತು, ಸಾಲುಗಳು ಮರುಕಳಿಸುತ್ತವೆ. ಗಣೆಯ ಉಸಿರಿಗೆ ಬೇಕಾದಷ್ಟು ಜಾಗ ಆ ಮರುಕಳಿಕೆಯಲ್ಲಿದೆ. ಹಾಡು ಕೇಳದೆ ಪುಸ್ತಕ ಹಿಡಿಯಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಇಂಗ್ಲಿಷಿಗೆ ಅವಳನ್ನು ಕರೆದುಕೊಂಡು ಹೋದದ್ದು ಮೈದನಹಳ್ಳಿ ರಸ್ತೆಯಲ್ಲಿ. ನಮ್ಮೂರ ಹತ್ತಿರದ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಬೆಳಗಿನ ಜಾವ ಟಿವಿಎಸ್ ಗಾಡಿಯಲ್ಲಿ ಹಿಂದೆ ಕೂರಿಸಿಕೊಂಡು ಹೋಗುವಾಗ ಮೇಕೆಗಳ ಹಿಂಡು ರಸ್ತೆಗೆ ಅಡ್ಡ ಬಂತು. ಗಾಡಿ ನಿಲ್ಲಿಸಿ ಒಂದು ಕಥೆ ಶುರುಮಾಡಿದೆ. ಲೆ ಗ್ವಿನ್ 1968ರಲ್ಲಿ ಬರೆದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಕೂಡ ಮೇಕೆಗಳಿಂದಲೇ ಶುರು. ಗೊಂಟ್ ಎಂಬ ಬೆಟ್ಟದ ದ್ವೀಪದಲ್ಲಿ ಮೇಕೆ ಕಾಯುವ ಹುಡುಗ, ಮಾಟ ಬಲ್ಲ ಚಿಕ್ಕಮ್ಮನ ಬಾಯಿಂದ ಕೇಳಿದ ಪದ ಹೇಳಿ ಮೇಕೆಗಳನ್ನು ಕರೆಯುತ್ತಾನೆ. ಅವು ಬರುತ್ತವೆ, ಅವನನ್ನು ಸುತ್ತುವರಿದು ಒತ್ತುತ್ತವೆ, ಬಿಡುವುದಿಲ್ಲ. ಹುಡುಗ ಹೆದರಿ ಓಡುತ್ತಾನೆ, ಮೇಕೆಗಳೂ ಜೊತೆಗೇ ಓಡುತ್ತವೆ. ಮುಂದೆ ಊರಿನ ಮೇಲೆ ದಾಳಿ ಬಂದಾಗ ಮಂಜು ಕವಿಸಿ ಊರನ್ನು ಉಳಿಸುತ್ತಾನೆ, ಆಮೇಲೆ ಮಾತಿಲ್ಲ, ಊಟವಿಲ್ಲ, ನಿದ್ದೆಯಿಲ್ಲ, ಕಲ್ಲಿನಂತೆ ಕೂತುಬಿಡುತ್ತಾನೆ.

“ಖರ್ಚಾಗಿ ಹೋಗಿದಾನೆ” ಎಂದಳು ಹಿಂದಿನಿಂದ.

ಅಲ್ಲಿಗೇ ನಿಲ್ಲಿಸಿದೆ. ಮುಂದೇನಾಯಿತು ಹೇಳು ಎಂದು ಕಾಡಿದಳು, ಹೇಳಲಿಲ್ಲ. ಮೃಗಗಳನ್ನು ನೋಡಿದೆವು. ಗಂಡುಗಳ ತಿರುಚಿದ ಕೊಂಬು, ಒಂದು ಹೆಣ್ಣು ನಿಂತ ಜಾಗದಿಂದಲೇ ಎದೆಯೆತ್ತರಕ್ಕೆ ಜಿಗಿದದ್ದು. ಮನೆಗೆ ಬಂದ ಮೇಲೆ ಪುಸ್ತಕ ಕೊಟ್ಟೆ. ಸಣ್ಣ ಪುಸ್ತಕ, ವಾಕ್ಯಗಳು ಸರಳ. ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿದಳು. ಆ ಹುಡುಗ ಗೆಡ್ ಬಿಳಿಯನಲ್ಲ, ಕೆಂಪು ಕಂದು ಮೈಬಣ್ಣದವನು ಎಂದು ಓದಿ, ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಅವಳ ಅಮ್ಮನಿಗೆ ಆ ಸಾಲಿನ ಅರ್ಥ ಹೇಳಿದಳು. ಅಹಂಕಾರದಿಂದ ಅವನು ಬಿಟ್ಟ ನೆರಳು ಅವನ ಮುಖವನ್ನು ಸೀಳುತ್ತದೆ, ಅದನ್ನು ತಡೆಯಲು ಹೋದ ಗುರು ಸಾಯುತ್ತಾನೆ. ಮೊದಲ ಸಂಪುಟ ಮುಗಿದ ಮೇಲೆ ಎರಡನೆಯದನ್ನು ನಾನಾಗಿ ಕೊಡಲಿಲ್ಲ. ಸರಣಿಯನ್ನು ಒಟ್ಟಿಗೆ ಕಟ್ಟಿ ಕೊಟ್ಟರೆ ಓದುವವರಿಗೆ ಅದು ಪಾಠದ ಹಾಗೆ ಕಾಣುತ್ತದೆ. ಅವರಾಗಿ ಕೇಳಬೇಕು. ವಾರ ಕಳೆಯುವ ಮುಂಚೆ ಕೇಳಿದಳು.

ಟೋಲ್ಕಿನ್ ವಿಷಯದಲ್ಲಿ ನಮ್ಮಿಬ್ಬರಿಗೂ ಈಗಲೂ ಜಗಳವಿದೆ. 1954-55ರಲ್ಲಿ ಮೂರು ಸಂಪುಟಗಳಾಗಿ ಬಂದ ‘ಲಾರ್ಡ್ ಆಫ್ ದಿ ರಿಂಗ್ಸ್’ ನನ್ನ ಪ್ರಾಣ. ಅವಳು ಎರಡನೆಯ ಸಂಪುಟದ ನಡುವೆ ಬಿಟ್ಟಳು. “ಬರೀ ನಡೀತಾರೆ ಮಾವ.” ನನಗೆ ಆ ನಡಿಗೆಯೇ ಇಷ್ಟ. ಗೆದ್ದು ಊರಿಗೆ ಬಂದ ಫ್ರೋಡೋಗೆ ಸ್ವಂತ ಮನೆಯಲ್ಲೇ ಇರಲಾಗುವುದಿಲ್ಲ, ಹಳೇ ಗಾಯ ಪ್ರತಿವರ್ಷ ಅದೇ ದಿನಕ್ಕೆ ನೋಯುತ್ತದೆ, ಕೊನೆಗೆ ಹಡಗು ಹತ್ತಿ ಹೊರಟುಬಿಡುತ್ತಾನೆ. ಅಷ್ಟು ದೂರ ನಡೆದವರಿಗೆ ಮಾತ್ರ ಆ ಖರ್ಚಿನ ತೂಕ ಗೊತ್ತಾಗುತ್ತದೆ. ಇದಕ್ಕೆ ಬದಲಾಗಿ ಅವಳು ನನಗೆ ಎದುರಿಟ್ಟದ್ದು ಭೈರಪ್ಪನವರ ‘ಪರ್ವ’. 1979ರ ಆ ಕಾದಂಬರಿ ಮಹಾಭಾರತದಿಂದ ವರ, ಶಾಪ, ಪವಾಡಗಳನ್ನೆಲ್ಲ ತೆಗೆದುಹಾಕಿದೆ. ಅದ್ಭುತ ಇಷ್ಟಪಡುವ ಹುಡುಗಿಗೆ ಇದು ಹಿಡಿಸುವುದಿಲ್ಲ ಎಂದುಕೊಂಡು ನಾನು ಹೇಳಿಯೇ ಇರಲಿಲ್ಲ. ಕಾಲೇಜಿನ ಗ್ರಂಥಾಲಯದಿಂದ ತಂದು ಓದಿ, “ದೇವರು ಬರಲ್ಲ, ಮಂತ್ರ ಇಲ್ಲ, ಆದ್ರೂ ಖರ್ಚು ಮಾತ್ರ ಹಾಗೇ ಇದೆ. ಕುಂತಿಗೆ, ಗಾಂಧಾರಿಗೆ, ಎಲ್ಲರಿಗೂ” ಎಂದಳು. ಅವಳ ಈ ಮಾತಿನ ಮೇಲೆ ನಾನು ‘ಪರ್ವ’ವನ್ನು ಮತ್ತೆ ಓದಿದೆ. ಈಗ ಅದ್ಭುತ ಕಾದಂಬರಿಗಳ ನಡುವೆ ಒಮ್ಮೆ ‘ಪರ್ವ’ ಓದಿ ಎಂದು ಬೇರೆಯವರಿಗೂ ಹೇಳುತ್ತೇನೆ.

‘ಚಂದಮಾಮ’ 2013ರ ಹೊತ್ತಿಗೆ ನಿಂತಿತು. ಶಂಕರ್ 2020ರಲ್ಲಿ ಹೋದರು. ಹುಡುಗಿ ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ, ಈಗ ಒಂದು ಮಗುವಿನ ತಾಯಿ. ಅರ್ಥ್‌ಸೀಯ ಮೊದಲ ಮೂರು ಸಂಪುಟ ಅವಳು ಪಿಯುಸಿಯಲ್ಲೇ ಮುಗಿಸಿದ್ದಳು. ಮೂರನೆಯದರ ಕೊನೆಗೆ ಗೆಡ್ ಲೋಕವನ್ನು ಉಳಿಸಲು ತನ್ನ ಶಕ್ತಿಯನ್ನೆಲ್ಲ ಸುರಿದುಬಿಡುತ್ತಾನೆ, ಮಂತ್ರವಾದಿಯಾಗಿ ಅವನಲ್ಲಿ ಏನೂ ಉಳಿಯುವುದಿಲ್ಲ. ಲೆ ಗ್ವಿನ್ 1972ರಲ್ಲಿ ಅಲ್ಲಿಗೆ ನಿಲ್ಲಿಸಿ, ನಾಲ್ಕನೆಯ ಸಂಪುಟ ‘ಟೆಹಾನು’ ತಂದದ್ದು 1990ರಲ್ಲಿ. ಅದನ್ನು ನಾನು ಆಗ ಹೇಳಿರಲಿಲ್ಲ. ಗಂಡ ಸತ್ತ ರೈತ ಹೆಂಗಸು, ಬೆಂಕಿಯಲ್ಲಿ ಅರ್ಧ ಮೈ ಸುಟ್ಟ ಮಗು, ಅಡುಗೆ, ಪಾತ್ರೆ, ಕೊಟ್ಟಿಗೆ. ಹದಿನೇಳರಲ್ಲಿ ಅದು ಸಪ್ಪೆ ಎನ್ನಿಸುತ್ತದೆ ಎಂದು ನನ್ನ ಅಭಿಪ್ರಾಯ, ಮೂವತ್ತು ದಾಟಿದವರಿಗೆ, ಮಗು ಎತ್ತಿಕೊಂಡವರಿಗೆ ಬೇರೆಯಾಗಿ ಕಾಣುತ್ತದೆ. ಹೋದ ವರ್ಷ ಪೋಸ್ಟಿನಲ್ಲಿ ಕಳಿಸಿದೆ.

ಒಂದು ರಾತ್ರಿ ಫೋನ್ ಮಾಡಿದಳು. ಮಗು ಮಲಗಿರಬೇಕು, ಪಿಸುಮಾತು.

“ಮಾವ, ಇವನು ಬೆಟ್ಟಕ್ಕೆ ಹೋಗಿ ಮೇಕೆ ಕಾಯ್ತಿದಾನೆ.”

“ಹೂಂ.”

“ಈ ಸಲ ಅವನು ಕರೆದ್ರೆ ಅವು ಬರಲ್ಲ. ಇವನೇ ಹಿಂದೆ ಹಿಂದೆ ಓಡಾಡಬೇಕು.”

“ಹೂಂ.”

“ಇದನ್ನ ಯಾಕೆ ಆವಾಗಲೇ ಕೊಡಲಿಲ್ಲ ನೀನು?” ಎಂದು ಕೇಳಿ, ಉತ್ತರಕ್ಕೆ ಕಾಯದೆ, ಇದಾದ ಮೇಲೆ ಎಷ್ಟಿವೆ ಎಂದಳು. ಇನ್ನೂ ಎರಡಿವೆ ಎಂದೆ. ಸಣ್ಣ ಕಥೆಗಳದ್ದೊಂದು, ‘ದಿ ಅದರ್ ವಿಂಡ್’ ಅಂತ ಒಂದು, ಎರಡೂ 2001ರಲ್ಲಿ ಬಂದದ್ದು. ಕಥೆಗಳದ್ದನ್ನು ಮೊದಲು ಓದು, ಕೊನೆಯ ಕಾದಂಬರಿಗೆ ಬೇಕಾದ ಒಬ್ಬ ಹೆಣ್ಣುಮಗಳ ಕಥೆ ಅದರಲ್ಲಿದೆ ಎಂದೆ. ನಾಳೆಯೇ ಪೋಸ್ಟ್ ಮಾಡು ಎಂದಳು.